ಕೂಲಿಂಗ್ ಪ್ಯಾಡ್ ಪರವಾಗಿಲ್ಲ, ಡಬ್ಬಿ ಮೇಲಿನ 50 ಡಿಗ್ರಿ ಮಾತ್ರ ಬುರುಡೆ

ಒಂಬೈನೂರು ರೂಪಾಯಿ ಆಸುಪಾಸಿನ ಲ್ಯಾಪ್‌ಟಾಪ್ ಕೂಲಿಂಗ್ ಪ್ಯಾಡ್ ಇದು. ಎರಡು ದೊಡ್ಡ ಫ್ಯಾನ್, ಮೇಲೊಂದು ಕಬ್ಬಿಣದ ಜಾಲರಿ, ಹಿಂದೆ ಎತ್ತರಿಸಲು ಎರಡು ಪ್ಲಾಸ್ಟಿಕ್ ಕಾಲು, ಆರಿಸಲು ಬಾರದ ನೀಲಿ ಲೈಟು. ಕುಮಟಾದ ಗಿಬ್ ಸರ್ಕಲ್ ಹತ್ತಿರದ ಅಂಗಡಿಯೊಂದರಲ್ಲಿ ತಗೊಂಡೆ. ಕಂಪನಿ ಹೆಸರು ಬರೆಯುವುದಿಲ್ಲ. ಬರೆದರೂ ನಿಮಗೆ ದೊಡ್ಡ ಉಪಯೋಗ ಇಲ್ಲ ಬಿಡಿ. ಈ ದರದ ಪ್ಯಾಡ್‌ಗಳಲ್ಲಿ ಒಂದೇ ಮಾಲು ಸ್ಟಿಕ್ಕರ್ ಬದಲಾಯಿಸಿಕೊಂಡು ಬೇರೆ ಬೇರೆ ಹೆಸರಲ್ಲಿ ಓಡಾಡುತ್ತಿರುತ್ತದೆ.

ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೆಲಸ ಮಾಡುತ್ತದೆ. ಡಬ್ಬಿಯ ಮೇಲೆ ಬರೆದಷ್ಟು ಮಾಡುವುದಿಲ್ಲ. ಡಬ್ಬಿಯ ಮೇಲೆ ಬರೆದಷ್ಟು ಮಾಡಲು ಯಾವ ಫ್ಯಾನಿಗೂ ಸಾಧ್ಯವಿಲ್ಲ. ಅಲ್ಲಿ ದೊಡ್ಡಕ್ಷರದಲ್ಲಿ ಹಾಕಿದ್ದು ಹೀಗೆ: ‘ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ / 50 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಇಳಿಕೆ.’ ಓದಿ ನಗು ಬಂತು. ಅಂಗಡಿಯವರು ಮಾತ್ರ ಆ 50ರ ಮೇಲೆ ಬೆರಳಿಟ್ಟು, "ನೋಡಿ ಮಾರಾಯ್ರೇ, ಐವತ್ತು ಡಿಗ್ರಿ!" ಅಂದರು. ಅವರನ್ನು ದೂರುವ ಹಾಗಿಲ್ಲ. ಪ್ರಿಂಟ್ ಮಾಡಿಸಿದವರು ಬೇರೆ.

10 ಡಿಗ್ರಿ ಸೆಲ್ಸಿಯಸ್ ಹವೆ ಅಂದರೆ 50 ಡಿಗ್ರಿ ಫ್ಯಾರನ್‌ಹೀಟ್ ಹವೆ, ಅದು ಸರಿ. 10ನ್ನು 1.8ರಿಂದ ಗುಣಿಸಿ 32 ಕೂಡಿಸಿದರೆ 50 ಬರುತ್ತದೆ. ಆದರೆ 10 ಡಿಗ್ರಿ ಸೆಲ್ಸಿಯಸ್ *ಇಳಿಕೆ* ಅಂದರೆ 18 ಡಿಗ್ರಿ ಫ್ಯಾರನ್‌ಹೀಟ್ ಇಳಿಕೆ, ಅಷ್ಟೇ. ವ್ಯತ್ಯಾಸಕ್ಕೆ 32 ಕೂಡಿಸುವ ಪ್ರಶ್ನೆಯೇ ಬರುವುದಿಲ್ಲ. ಆ 32 ಬಂದಿದ್ದೇ ಎರಡು ಮಾಪಕಗಳು ಬೇರೆ ಬೇರೆ ಕಡೆ ಸೊನ್ನೆ ಇಟ್ಟುಕೊಂಡಿರುವುದರಿಂದ. ಮಂಜುಗಡ್ಡೆ ಕರಗುವ ಜಾಗ ಒಂದರಲ್ಲಿ 0, ಇನ್ನೊಂದರಲ್ಲಿ 32. ನೀರು ಕುದಿಯುವ ಜಾಗ ಒಂದರಲ್ಲಿ 100, ಇನ್ನೊಂದರಲ್ಲಿ 212. ನಡುವಿನ ಅಂತರ 100 ಮತ್ತು 180. 1.8 ಅನ್ನುವುದು ಹುಟ್ಟಿದ್ದು ಅಲ್ಲಿ. ಎರಡು ಓದುಗಳನ್ನು, ಅಂದರೆ ಮಾಪಕ ತೋರಿಸುವ ಸಂಖ್ಯೆಗಳನ್ನು, ಒಂದರಿಂದೊಂದು ಕಳೆಯುವಾಗ ಎರಡರಲ್ಲೂ ಇರುವ 32 ಹಾರಿಹೋಗುತ್ತದೆ. ಉಳಿಯುವುದು 1.8 ಮಾತ್ರ.

ಇದು ನಮಗೇನೂ ಹೊಸದಲ್ಲ. ಮಗುವಿಗೆ 102 ಜ್ವರ ಇತ್ತು, ಮಾತ್ರೆ ಹಾಕಿದ ಮೇಲೆ 100 ಆಯ್ತು, ಎರಡು ಡಿಗ್ರಿ ಇಳಿಯಿತು ಅನ್ನುತ್ತೇವೆ. ಆ ಎರಡು ಡಿಗ್ರಿ ಫ್ಯಾರನ್‌ಹೀಟ್ ಅಂದರೆ ಸೆಲ್ಸಿಯಸ್‌ನಲ್ಲಿ 1.1. ಡಬ್ಬಿಯವರ ಲೆಕ್ಕ ಹಿಡಿದರೆ 2ರಲ್ಲಿ 32 ಕಳೆದು 1.8ರಿಂದ ಭಾಗಿಸಬೇಕು. ಜ್ವರ ಮೈನಸ್ 16.7 ಡಿಗ್ರಿ ಇಳಿಯಿತು ಅಂತಾಗುತ್ತದೆ. ಇಳಿಯಿತೋ ಏರಿತೋ ಅವರೇ ಹೇಳಬೇಕು.

ಇನ್ನೂ ಸುಲಭದ ಪರೀಕ್ಷೆ ಒಂದಿದೆ. ಪ್ಯಾಡ್‌ನ ವೈರ್ ಸಿಕ್ಕಿಸಲೇ ಬೇಡಿ. ಇಳಿಕೆ ಸೊನ್ನೆ. ಈ ಸೊನ್ನೆಯನ್ನು ಡಬ್ಬಿಯ ಪದ್ಧತಿಯಲ್ಲಿ ಬದಲಾಯಿಸಿ ನೋಡಿ: 32 ಡಿಗ್ರಿ ಫ್ಯಾರನ್‌ಹೀಟ್ ಇಳಿಕೆ! ಆಫ್ ಇದ್ದಾಗಲೇ ಇಷ್ಟು ತಂಪು ಮಾಡುವ ಮಾಲಿಗೆ ಒಂಬೈನೂರು ರೂಪಾಯಿ ಕಡಿಮೆಯೇ ಆಯ್ತು.

ಸರಿ, ನಿಜವಾಗಿ ಎಷ್ಟು ಇಳಿಸುತ್ತದೆ? ಅದಕ್ಕೂ ಮೊದಲು ನನ್ನ ಕೆಲಸದ ಬಗ್ಗೆ ಒಂದು ಮಾತು. ನನ್ನದು ಯಕ್ಷಗಾನದ ವಿಡಿಯೋ. ಆಟ ಬೆಳತನಕ ನಡೆದರೆ ರೆಕಾರ್ಡಿಂಗೂ ಬೆಳತನಕ. ಎರಡು ಕ್ಯಾಮೆರಾ, ಚೌಕಿಯ (ವೇಷ ಕಟ್ಟುವ ಜಾಗದ) ಒಂದಿಷ್ಟು ದೃಶ್ಯ, ಭಾಗವತರ ಮೈಕಿನ ಬೇರೆ ಟ್ರ್ಯಾಕ್. ಇದನ್ನೆಲ್ಲ ಜೋಡಿಸಿ ರೆಂಡರ್‌ಗೆ, ಅಂದರೆ ಒಂದೇ ವಿಡಿಯೋ ಫೈಲ್ ಮಾಡಿಸಲು, ಹಾಕಿದರೆ ಲ್ಯಾಪ್‌ಟಾಪ್ ಗಂಟೆಗಟ್ಟಲೆ ಏದುಸಿರು ಬಿಡುತ್ತದೆ. ಒಳಗಿರುವ ಪ್ರೊಸೆಸರ್ ಚಿಪ್ ಇಂಟೆಲ್‌ನ ಎಚ್ ಸರಣಿಯ ಐ5, 45 ವ್ಯಾಟ್‌ನದು. 100 ಡಿಗ್ರಿ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ನಾನು ಕೂರುವ ಕೋಣೆ ಮಹಡಿಯಲ್ಲಿ, ಹಂಚಿನ ಮಾಡಿನ ಕೆಳಗೆ. ಎಸಿ ಇಲ್ಲ.

ಅಳತೆಗೆ ಎಚ್‌ಡಬ್ಲ್ಯೂಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು. ಚಿಪ್‌ನ ಬಿಸಿಯನ್ನೂ, ಅದು ಎಷ್ಟು ವ್ಯಾಟ್ ತಿನ್ನುತ್ತಿದೆ ಅನ್ನುವುದನ್ನೂ ಪಕ್ಕಪಕ್ಕದಲ್ಲಿ ತೋರಿಸುತ್ತದೆ. ಬಿಸಿ ಒಂದನ್ನೇ ನೋಡಿದರೆ ಸಾಲದು. ವ್ಯಾಟ್ ಬದಲಾಗಿದ್ದರೆ ಎರಡು ಓದುಗಳನ್ನು ಹೋಲಿಸಿ ಪ್ರಯೋಜನವಿಲ್ಲ. ಹಾಗಾಗಿ ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿಯನ್ನು ಶೇಕಡಾ 100ರಿಂದ 99ಕ್ಕೆ ಇಳಿಸಿದೆ. ಹಾಗೆ ಮಾಡಿದರೆ ಟರ್ಬೊ, ಅಂದರೆ ಚಿಪ್ ತಾನಾಗಿ ವೇಗ ಏರಿಸಿಕೊಳ್ಳುವುದು, ನಿಲ್ಲುತ್ತದೆ, ವ್ಯಾಟ್ ಏರಿಳಿಯದೆ ಒಂದೇ ಕಡೆ ನಿಲ್ಲುತ್ತದೆ. ನನ್ನದರಲ್ಲಿ 30ಕ್ಕೆ ನಿಂತಿತು. ಲ್ಯಾಪ್‌ಟಾಪ್‌ನ ಒಳಗಿನ ಫ್ಯಾನನ್ನೂ ಪೂರ್ತಿ ವೇಗಕ್ಕೆ ಇಟ್ಟೆ. ಕೋಣೆಯ ಹವೆ ಅಳೆಯಲು ಮೇಜಿನ ಮೇಲೊಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ಇಟ್ಟೆ. ಲ್ಯಾಪ್‌ಟಾಪ್ ಬಿಸಿ ಗಾಳಿ ಉಗುಳುವ ಕಡೆ ಅಲ್ಲ, ಗಾಳಿ ಎಳೆದುಕೊಳ್ಳುವ ಕಡೆ.

ಇಲ್ಲೊಂದು ವಿಷಯ ಕರಾವಳಿಯವರು ಗಮನಿಸಬೇಕು. ಮೊಬೈಲ್‌ನ ಹವಾಮಾನ ಆ್ಯಪ್‌ನಲ್ಲಿ 31 ಡಿಗ್ರಿ, ಆದರೆ 38ರ ಹಾಗೆ ಅನಿಸುತ್ತದೆ ಅಂತ ತೋರಿಸುತ್ತದಲ್ವಾ? ಆ 38 ನಮ್ಮ ಮೈಗೆ ಸೇರಿದ್ದು. ಕುಮಟೆಯ ಸೆಕೆಗೆ ಬೆವರು ಆರುವುದಿಲ್ಲ, ಅದಕ್ಕೆ ಹಾಗನಿಸುತ್ತದೆ. ಪ್ರೊಸೆಸರ್ ಬೆವರುವುದಿಲ್ಲ. ಅದರ ಲೆಕ್ಕಕ್ಕೆ 31 ಸಾಕು. ಅದೂ ಆ್ಯಪ್‌ನ 31 ಅಲ್ಲ, ನಿಮ್ಮ ಕೋಣೆಯದು. ಹಂಚಿನ ಮಾಡಿನ ಕೆಳಗೆ ಮಧ್ಯಾಹ್ನ ಹೊರಗಿಗಿಂತ ಒಳಗೇ ಬಿಸಿ ಜಾಸ್ತಿ ಇರುತ್ತದೆ.

ಕೋಣೆ 31 ಇದ್ದಾಗ ಪ್ಯಾಡ್ ಇಲ್ಲದೆ ಚಿಪ್ 85ಕ್ಕೆ ನಿಂತಿತು. ಪ್ಯಾಡ್ ಹಾಕಿದ ಮೇಲೆ 78. ಇಳಿಕೆ 7 ಡಿಗ್ರಿ. ಫ್ಯಾರನ್‌ಹೀಟ್‌ನಲ್ಲಿ ಬೇಕಾದರೆ 12.6. ನಂಬಿಕೆ ಬರದಿದ್ದರೆ ಎರಡು ಓದುಗಳನ್ನೂ ಬೇರೆ ಬೇರೆ ಬದಲಾಯಿಸಿ ಆಮೇಲೆ ಕಳೆಯಿರಿ. 85 ಅಂದರೆ 185, 78 ಅಂದರೆ 172.4. ವ್ಯತ್ಯಾಸ ಅದೇ 12.6.

ಡಬ್ಬಿ ಹೇಳುವ 50 ಫ್ಯಾರನ್‌ಹೀಟ್ ನಿಜ ಆಗಿದ್ದರೆ ಸೆಲ್ಸಿಯಸ್‌ನಲ್ಲಿ ಸುಮಾರು 28 ಇಳಿಯಬೇಕಿತ್ತು. ಅಂದರೆ 85 ಇದ್ದದ್ದು 57 ಆಗಬೇಕಿತ್ತು. ಪ್ಯಾಡ್ ಊದುವುದು ಇದೇ ಕೋಣೆಯ 31 ಡಿಗ್ರಿ ಗಾಳಿಯನ್ನು. ಅದು ಎಸಿ ಅಲ್ಲ. ಚಿಪ್ ಕೋಣೆಗಿಂತ 54 ಡಿಗ್ರಿ ಮೇಲಿದೆ, ಪ್ಯಾಡ್‌ಗೆ ಕೈ ಹಾಕಲು ಸಿಗುವುದು ಆ 54 ಮಾತ್ರ. ಅದರಲ್ಲಿ ಅರ್ಧಕ್ಕರ್ಧ ಕಿತ್ತುಹಾಕಲು ಯುಎಸ್‌ಬಿಯ ಎರಡು ಫ್ಯಾನ್ ಎಲ್ಲಿ ಸಾಲುತ್ತದೆ?

ನಾನು ರಿವ್ಯೂಗಳಲ್ಲಿ ಹುಡುಕುವ ಸಂಖ್ಯೆ ಈ 54. ಕೋಣೆಗಿಂತ ಎಷ್ಟು ಮೇಲೆ ಅನ್ನುವುದು. ಪ್ಯಾಡ್ ಇಲ್ಲದೆ 54, ಇದ್ದಾಗ 47. ಅಂದರೆ ಶೇಕಡಾ 13 ಕಡಿಮೆ. ಇದೇ ಲೆಕ್ಕವನ್ನು ಫ್ಯಾರನ್‌ಹೀಟ್‌ನಲ್ಲಿ ಮಾಡಿದರೆ 97.2 ಇದ್ದದ್ದು 84.6 ಆಗುತ್ತದೆ, ಶೇಕಡಾವಾರು ಅದೇ 13. ಹಾಗಲ್ಲದೆ 85ಕ್ಕೆ 7 ಎಷ್ಟು ಅಂತ ಸೀದಾ ಭಾಗಿಸಿದರೆ ಶೇಕಡಾ 8 ಬರುತ್ತದೆ. ಫ್ಯಾರನ್‌ಹೀಟ್‌ನಲ್ಲಿ ಹಾಗೇ ಮಾಡಿದರೆ 7ಕ್ಕಿಂತ ಕಡಿಮೆ. ಕೆಲ್ವಿನ್‌ನಲ್ಲಿ ಮಾಡಿದರೆ 2. ಒಂದೇ ಪ್ಯಾಡ್, ಒಂದೇ ದಿನ, ಮೂರು ಉತ್ತರ. ಮಾಪಕ ಬದಲಾದ ಕೂಡಲೇ ಬದಲಾಗುವ ಶೇಕಡಾವಾರು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಕೆಲ್ವಿನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೆಲ್ಸಿಯಸ್ ಓದಿಗೆ 273 ಕೂಡಿಸಿದರೆ ಸಿಗುವ ಮಾಪಕ ಅದು. ವ್ಯತ್ಯಾಸದ ಮಟ್ಟಿಗೆ ಅದು ಸೆಲ್ಸಿಯಸ್‌ನಷ್ಟೇ. 7 ಡಿಗ್ರಿ ಇಳಿಕೆ ಅಂದರೆ 7 ಕೆಲ್ವಿನ್ ಇಳಿಕೆ, 273 ಸೇರಿಸುವ ಹಾಗಿಲ್ಲ.

ಶಿರಸಿಯಲ್ಲಿ ಅಕ್ಕನ ಮನೆಗೆ ಹೋದಾಗ ಲ್ಯಾಪ್‌ಟಾಪ್, ಪ್ಯಾಡ್ ಎರಡನ್ನೂ ಒಯ್ದಿದ್ದೆ. ದೇವಿಮನೆ ಘಟ್ಟ ಹತ್ತಿದ ಮೇಲೆ ಹವೆಯೇ ಬೇರೆ. ಚಳಿಗಾಲದ ಸಂಜೆ, ಕೋಣೆ 22 ಡಿಗ್ರಿ. ಅದೇ 30 ವ್ಯಾಟ್, ಪ್ಯಾಡ್ ಇಲ್ಲ. ಚಿಪ್ 77. ಕುಮಟೆಯಲ್ಲಿ ಪ್ಯಾಡ್ ಹಾಕಿದಾಗ ಬಂದದ್ದಕ್ಕಿಂತಲೂ ಒಂದು ಡಿಗ್ರಿ ಕಡಿಮೆ! ಶಿರಸಿಯವರೊಬ್ಬರು ಪ್ಯಾಡ್ ಇಲ್ಲದೆ 77 ಅಂತ ಬರೆದು, ಕುಮಟೆಯವರು ಪ್ಯಾಡ್ ಹಾಕಿಯೂ 78 ಅಂತ ಬರೆದರೆ ಓದಿದವರಿಗೆ ಏನನ್ನಿಸಬೇಕು? ಕೋಣೆಯನ್ನು ಕಳೆದರೆ ಗೊಂದಲ ಇಲ್ಲ. 77ರಲ್ಲಿ 22 ಹೋದರೆ 55. ಕುಮಟೆಯ 54ಕ್ಕೂ ಇದಕ್ಕೂ ಒಂದು ಡಿಗ್ರಿ ಹೆಚ್ಚು ಕಡಿಮೆ, ಅದನ್ನು ಬಿಡಿ. ಶಿರಸಿಯಲ್ಲೂ ಪ್ಯಾಡ್ ಹಾಕಿದೆ, 70ಕ್ಕೆ ಬಂತು. ಮತ್ತೆ 7.

ಅಕ್ಕ ಬಂದು ನೋಡಿ, "ಎಂತದಾ ಇದು, ಫ್ಯಾನಿಗೇ ಫ್ಯಾನ್ ಹಾಕ್ತ್ಯಾ?" ಅಂದಳು. ಅಕ್ಕನ ಮಗ ಮೊಬೈಲ್ ತೆಗೆದು ಕನ್ವರ್ಟರ್‌ನಲ್ಲಿ 7 ಅಂತ ಒತ್ತಿದ. "ಮಾವ, 44.6 ಇದ್ದು!" ಅಂದ. ಕನ್ವರ್ಟರ್‌ನ ತಪ್ಪೇನಿಲ್ಲ. ಹೊರಗೆ 7 ಡಿಗ್ರಿ ಚಳಿ ಇದ್ದರೆ ಫ್ಯಾರನ್‌ಹೀಟ್‌ನಲ್ಲಿ ಎಷ್ಟು ಅನ್ನುವುದಕ್ಕೆ ಅದು ಉತ್ತರ ಕೊಟ್ಟಿದೆ. ನಾವು ಕೊಟ್ಟ 7 ಎರಡು ಓದುಗಳ ಅಂತರ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಡಬ್ಬಿ ಪ್ರಿಂಟ್ ಮಾಡಿಸಿದವರೂ ಹೀಗೇ ಯಾವುದೋ ಕನ್ವರ್ಟರ್‌ನಲ್ಲಿ 10 ಒತ್ತಿರಬೇಕು. ಅವನ ಮುಂದೆಯೇ 77 ಮತ್ತು 70 ಎರಡನ್ನೂ ಬೇರೆ ಬೇರೆ ಒತ್ತಿಸಿದೆ. 170.6, 158. ಕಳೆದು 12.6 ಅಂದ. ಹುಡುಗ ಚುರುಕು, ಮುಂದೆ ಹೇಳಬೇಕಾಗಲಿಲ್ಲ.

ಈಗ ಕೆಲಸಕ್ಕೆ ಬರುವ ಲೆಕ್ಕ. ಕೋಣೆಗಿಂತ 54 ಮೇಲೆ, 30 ವ್ಯಾಟ್‌ಗೆ. ಭಾಗಿಸಿದರೆ ಒಂದು ವ್ಯಾಟ್‌ಗೆ 1.8 ಡಿಗ್ರಿ. ಪ್ಯಾಡ್ ಹಾಕಿದರೆ 1.57. (ಇಲ್ಲಿ ಬಂದ 1.8ಕ್ಕೂ ಫ್ಯಾರನ್‌ಹೀಟ್‌ನ 1.8ಕ್ಕೂ ಸಂಬಂಧ ಇಲ್ಲ. ನನ್ನ ಲ್ಯಾಪ್‌ಟಾಪ್‌ನ ಹಣೆಬರಹ ಹಾಗೆ ಬಂದಿದೆ.) ಇದನ್ನೇ ಥರ್ಮಲ್ ರೆಸಿಸ್ಟೆನ್ಸ್ ಅನ್ನುವುದು. ದೊಡ್ಡ ಹೀಟ್‌ಸಿಂಕ್‌ಗಳ (ಚಿಪ್‌ನ ಬಿಸಿ ಹೊರಹಾಕುವ ಲೋಹದ ತುಂಡುಗಳ) ವಿವರದಲ್ಲಿ ಇದು ಕೆಲವು ಕಡೆ ವ್ಯಾಟ್‌ಗೆ ಇಷ್ಟು ಸೆಲ್ಸಿಯಸ್ ಅಂತಲೂ, ಕೆಲವು ಕಡೆ ವ್ಯಾಟ್‌ಗೆ ಇಷ್ಟು ಕೆಲ್ವಿನ್ ಅಂತಲೂ ಇರುತ್ತದೆ. ಎರಡೂ ಒಂದೇ ಸಂಖ್ಯೆ.

ಈ ಸಂಖ್ಯೆ ಕೈಯಲ್ಲಿದ್ದರೆ ಏಪ್ರಿಲ್‌ನ ಸೆಕೆಯನ್ನು ಈಗಲೇ ಅಂದಾಜು ಮಾಡಬಹುದು. ಕೋಣೆ 34 ಆದರೆ ಪ್ಯಾಡ್ ಇಲ್ಲದೆ 88, ಇದ್ದರೆ 81. ಟರ್ಬೊ ಮತ್ತೆ ಹಾಕಿ 45 ವ್ಯಾಟ್ ಕೊಟ್ಟರೆ? 31 ಡಿಗ್ರಿ ಕೋಣೆಯಲ್ಲಿ ಪ್ಯಾಡ್ ಇಲ್ಲದೆ 31 ಕೂಡಿಸು 81, ಅಂದರೆ 112. ಚಿಪ್ 100 ದಾಟಲು ಬಿಡುವುದಿಲ್ಲ, ಅಲ್ಲಿಗೇ ಬ್ರೇಕ್ ಹಾಕುತ್ತದೆ. ಎಷ್ಟು ವ್ಯಾಟ್‌ಗೆ ಇಳಿಯುತ್ತದೆ ಅನ್ನುವುದೂ ಸಿಗುತ್ತದೆ. 100ಕ್ಕೆ 69 ಡಿಗ್ರಿ ಅವಕಾಶ ಇದೆ, ಅದನ್ನು 1.8ರಿಂದ ಭಾಗಿಸಿದರೆ 38 ವ್ಯಾಟ್. ಪ್ಯಾಡ್ ಹಾಕಿ 1.57ರಿಂದ ಭಾಗಿಸಿದರೆ 44.

ಟರ್ಬೊ ಹಾಕಿ ನೋಡಿದೆ. ಪ್ಯಾಡ್ ಇಲ್ಲದೆ 38ರ ಹತ್ತಿರ, ಪ್ಯಾಡ್ ಇದ್ದಾಗ 43. ಅಂದಾಜು ಹತ್ತಿರಹತ್ತಿರ ಕೂತಿತು. ಆದರೆ ಬಿಸಿಯ ಓದು? ಎರಡೂ ಸಲ 98, 99. ಬಿಸಿ ಮಾತ್ರ ನೋಡುವವರು "ಏನೂ ವ್ಯತ್ಯಾಸ ಇಲ್ಲ, ದುಡ್ಡು ದಂಡ" ಅಂತ ಒಂದು ಸ್ಟಾರ್ ಕೊಡುವುದು ಇಂಥ ಜಾಗದಲ್ಲೇ. ಚಿಪ್ ಮಿತಿಗೆ ತಾಗಿ ಓಡುತ್ತಿರುವಾಗ ಪ್ಯಾಡ್‌ನ ಲಾಭ ಡಿಗ್ರಿಯಲ್ಲಿ ಕಾಣುವುದಿಲ್ಲ, ವ್ಯಾಟ್‌ನಲ್ಲಿ ಕಾಣುತ್ತದೆ. ನನಗೆ ಅದು ಸಮಯದಲ್ಲಿ ಕಂಡಿತು. 52 ನಿಮಿಷ ತಗೊಳ್ಳುತ್ತಿದ್ದ ರೆಂಡರ್ 48ಕ್ಕೆ ಮುಗಿಯಿತು. ಇಡೀ ರಾತ್ರಿಯ ಆಟಕ್ಕೆ ಇದು ಸಣ್ಣ ಉಳಿತಾಯ ಅಲ್ಲ.

ಇದೇ ಮಿತಿಯ ಬಗ್ಗೆ ಇನ್ನೊಂದು. ಇಂಟೆಲ್ ಚಿಪ್‌ನ ಸೆನ್ಸರ್ ಕೊಡುವುದೇ ಮಿತಿಗಿಂತ ಎಷ್ಟು ಕೆಳಗಿದೆ ಅನ್ನುವ ಸಂಖ್ಯೆಯನ್ನು. ಸಾಫ್ಟ್‌ವೇರ್ ಅದನ್ನು 100ರಲ್ಲಿ ಕಳೆದು ನಮಗೆ ಬಿಸಿ ಅಂತ ತೋರಿಸುತ್ತದೆ. ಕೆಲವು ಸಾಫ್ಟ್‌ವೇರ್‌ನಲ್ಲಿ ಆ ಅಂತರವನ್ನೇ ನೋಡಬಹುದು. 85ರಲ್ಲಿ ಓಡುವಾಗ ಅಂತರ 15. ಫ್ಯಾರನ್‌ಹೀಟ್‌ನಲ್ಲಿ 27. ಇದಕ್ಕೂ 32 ಸೇರಿಸಿ 59 ಅಂತ ಓದಿಕೊಂಡವರು ಇನ್ನೂ ಬೇಕಾದಷ್ಟು ಜಾಗ ಇದೆ ಅಂತ ನಿರಾಳ ಆಗಿಬಿಡುತ್ತಾರೆ. ಡಬ್ಬಿಯ ತಪ್ಪು ನಗಲು ಆಯ್ತು, ಇದು ಹಾಗಲ್ಲ. ಅಮೆರಿಕದ ಗಿರಾಕಿಗಳ ರಿವ್ಯೂ ಓದುವಾಗಲೂ ಸ್ವಲ್ಪ ನೋಡಿಕೊಳ್ಳಿ. "20 ಡಿಗ್ರಿ ಇಳಿಯಿತು" ಅಂತ ಬರೆದವರು ಫ್ಯಾರನ್‌ಹೀಟ್‌ನವರಾದರೆ ನಮ್ಮ ಲೆಕ್ಕದಲ್ಲಿ ಅದು 11.

ಪ್ಯಾಡ್‌ನ ಮೈಕಟ್ಟಿನ ವಿಚಾರಕ್ಕೆ ಬರುತ್ತೇನೆ. ಫ್ಯಾನ್‌ಗಳು ನಟ್ಟನಡುವೆ ಇವೆ. ನನ್ನ ಲ್ಯಾಪ್‌ಟಾಪ್ ಗಾಳಿ ಎಳೆಯುವುದು ಹಿಂಬದಿಯ ಸೀಳುಗಳಿಂದ. ಸೀಳು ಎಲ್ಲಿದೆ ಅಂತ ಹುಡುಕಲು ತೆಳು ಟಿಶ್ಯೂವಿನ ಒಂದು ಬೆರಳಗಲದ ಚೂರು ಸಾಕು. ಲ್ಯಾಪ್‌ಟಾಪನ್ನು ಸ್ವಲ್ಪ ಎತ್ತಿ ಹಿಡಿದು ಚೂರನ್ನು ಕೆಳಗೆ ಸರಿಸುತ್ತ ಹೋಗಿ. ಗಾಳಿ ಎಳೆಯುವ ಜಾಗ ಬಂದಾಗ ಚೂರು ಪಟ್ಟಂತ ಮೇಲಕ್ಕೆ ಅಂಟಿಕೊಳ್ಳುತ್ತದೆ. ನನ್ನದರಲ್ಲಿ ಬಲಗಡೆ ಹಿಂದೆ ಗಟ್ಟಿಯಾಗಿ ಅಂಟಿತು, ಎಡಗಡೆ ಸುಮ್ನೆ ಅಲ್ಲಾಡಿತು. ಲ್ಯಾಪ್‌ಟಾಪನ್ನು ನಾಲ್ಕು ಬೆರಳು ಮುಂದಕ್ಕೆ ಎಳೆದು, ಬಲಗಡೆಯ ಫ್ಯಾನ್ ಆ ಸೀಳಿನ ಕೆಳಗೆ ಬರುವ ಹಾಗೆ ಕೂರಿಸಿದೆ. ಮೇಲೆ ಹೇಳಿದ 7 ಡಿಗ್ರಿ ಬಂದಿದ್ದು ಹಾಗೆ ಕೂರಿಸಿದ ಮೇಲೆ. ಪ್ಯಾಡ್‌ನ ನಡುಮಧ್ಯೆ ಅಂದವಾಗಿ ಇಟ್ಟರೆ 5 ಮಾತ್ರ.

ಇನ್ನು ಕಂಪನಿಯವರಿಗೆ ಹಿಡಿಸದ ಮಾತು. ಪ್ಯಾಡ್ ತೆಗೆದು ಲ್ಯಾಪ್‌ಟಾಪ್‌ನ ಹಿಂದಿನ ಎರಡು ಮೂಲೆಗೆ ಎರಡು ದಪ್ಪ ಪುಸ್ತಕ ಕೊಟ್ಟು ಎತ್ತರಿಸಿದೆ. ಅದೇ 30 ವ್ಯಾಟ್, ಅದೇ 31 ಡಿಗ್ರಿ ಕೋಣೆ. ಚಿಪ್ 81. ಅಂದರೆ 7ರಲ್ಲಿ 4 ಡಿಗ್ರಿ ಬರೀ ಎತ್ತರಿಸಿದ್ದಕ್ಕೇ ಸಿಕ್ಕಿತು. ಫ್ಯಾನ್‌ಗಳ ಪಾಲು 3. ಅಡಿಗೆ ಗಾಳಿಯಾಡಲು ಜಾಗ ಬೇಕು, ಅದು ಮುಖ್ಯ. ಪುಸ್ತಕ ಸೀಳಿಗೆ ಅಡ್ಡ ಬರದ ಹಾಗೆ ಇಡಬೇಕು ಅಷ್ಟೇ. ಬ್ರೌಸಿಂಗ್, ಟೈಪಿಂಗ್, ಮಕ್ಕಳ ಆನ್‌ಲೈನ್ ಪಾಠ, ಇಷ್ಟೇ ನಿಮ್ಮ ಕೆಲಸ ಆಗಿದ್ದರೆ ಒಂಬೈನೂರು ರೂಪಾಯಿಗೆ ಮೀನು ತಂದು ತಿನ್ನಿ. ನಮ್ಮ ಹಾಗೆ ಮೀನು ತಿನ್ನದವರು ಇಬ್ಬರು ಹೋಗಿ ಊಟ ಮಾಡಿ ಬನ್ನಿ.

ಕರೆಂಟ್ ವಿಚಾರ: ಪ್ಯಾಡ್ ಲ್ಯಾಪ್‌ಟಾಪ್‌ನ ಯುಎಸ್‌ಬಿಯಿಂದಲೇ ಎಳೆಯುತ್ತದೆ. ಹಳೆ ಯುಎಸ್‌ಬಿ 2 ಪೋರ್ಟ್ ಕೊಡುವುದು 5 ವೋಲ್ಟ್‌ನಲ್ಲಿ ಅರ್ಧ ಆಂಪಿಯರ್, ಅಂದರೆ 2.5 ವ್ಯಾಟ್. ಪ್ಲಗ್ಗಿಗೆ ಹಾಕಿ ಕೆಲಸ ಮಾಡುವಾಗ ಅದು ಲೆಕ್ಕಕ್ಕಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬ್ಯಾಟರಿ ಮೇಲೆ ಓಡಿಸುವಾಗ ಮಾತ್ರ ಪ್ಯಾಡ್ ತೆಗೆದಿಡುವುದೇ ಒಳ್ಳೆಯದು. ಹಳೆ ಮೊಬೈಲ್ ಚಾರ್ಜರ್‌ಗೆ ಸಿಕ್ಕಿಸಿದರೂ ನಡೆಯುತ್ತದೆ, ನಾನು ಮನೆಯಲ್ಲಿ ಹಾಗೇ ಇಟ್ಟಿದ್ದೇನೆ.

ಸದ್ದು ಇದೆ. ಚೆಂಡೆ ಬಡಿಯುವ ಭಾಗ ಎಡಿಟ್ ಮಾಡುವಾಗ ಗೊತ್ತೇ ಆಗುವುದಿಲ್ಲ. ಭಾಗವತರು ಆಲಾಪದಲ್ಲಿ ದನಿ ಇಳಿಸಿ ಹಾಡುವಾಗ, ಮದ್ದಳೆಯ ಸಣ್ಣ ಸಣ್ಣ ಬೆರಳು ಕೇಳಬೇಕಾದಾಗ ಈ ಫ್ಯಾನ್‌ನ ಕುಂಯ್ ಅನ್ನುವ ಸದ್ದು ತಲೆ ತಿನ್ನುತ್ತದೆ. ಆಡಿಯೋ ಕೆಲಸದ ಹೊತ್ತಿಗೆ ಆಫ್ ಮಾಡುತ್ತೇನೆ. ಆಗ ಹೇಗೂ ಪ್ರೊಸೆಸರ್‌ಗೆ ಭಾರ ಇಲ್ಲ. ವೇಗ ಕಡಿಮೆ ಮಾಡಲು ಒಂದು ತಿರುಗಣೆ ಕೊಟ್ಟಿದ್ದರೆ ಚೆನ್ನಾಗಿತ್ತು. ಆ ದುಡ್ಡು ನೀಲಿ ಲೈಟಿಗೆ ಹೋಗಿದೆ. ಲೈಟಿನ ಮೇಲೆ ಕಪ್ಪು ಟೇಪ್ ಹಚ್ಚಿದ್ದೇನೆ.

ಜಾಲರಿಯ ಬಣ್ಣ ತೆಳು. ಸಮುದ್ರದ ಗಾಳಿಗೆ ಅಂಚಿನಲ್ಲಿ ಆಗಲೇ ತುಕ್ಕಿನ ಚುಕ್ಕೆ ಎದ್ದಿದೆ. ಒಂದು ಕೋಟ್ ಸ್ಪ್ರೇ ಪೇಂಟ್ ಹೊಡೆಯಬೇಕು, ಫ್ಯಾನ್‌ಗಳಿಗೆ ಪೇಪರ್ ಮುಚ್ಚಿ. ಹೆದ್ದಾರಿ ಬದಿಯ ಮನೆಯವರಾದರೆ ಕೆಂಪು ಧೂಳು ಫ್ಯಾನ್‌ನ ರೆಕ್ಕೆಗೆ ಬೇಗ ಕೂರುತ್ತದೆ. ಜಾಲರಿಯನ್ನು ನಾಲ್ಕು ಸ್ಕ್ರೂ ಬಿಚ್ಚಿ ತೆಗೆಯಬಹುದು, ಹಳೆ ಪೇಂಟ್ ಬ್ರಷ್‌ನಲ್ಲಿ ಕೊಡವಿದರೆ ಸಾಕು. ಅಂಗಡಿಯಲ್ಲಿ ಇದೇ ದರಕ್ಕೆ ಪ್ಲಾಸ್ಟಿಕ್ ಜಾಲರಿಯದೂ ಇತ್ತು. ಕಾರವಾರದಿಂದ ಭಟ್ಕಳದವರೆಗೆ ಯಾರು ಕೇಳಿದರೂ ನಾನು ಅದನ್ನೇ ತಗೊಳ್ಳಿ ಅನ್ನುತ್ತೇನೆ. ಶಿರಸಿ ಕಡೆಯವರಿಗೆ ಕಬ್ಬಿಣದ್ದು ನಡೆಯುತ್ತದೆ. ಬಿಲ್ ಕೇಳಿ ತಗೊಳ್ಳಿ, ಫ್ಯಾನ್ ನಿಂತರೆ ಆರು ತಿಂಗಳೊಳಗೆ ಬದಲಾಯಿಸಿಕೊಡುತ್ತೇವೆ ಅಂತ ಅದರ ಹಿಂದೆ ಬರೆದುಕೊಟ್ಟಿದ್ದಾರೆ.